ಕಲ್ಲೂರು ಸೀಮೆಯೂ ಕೃಷಿವಿದ್ಯೆಯ ಉಚ್ಚ ಪದವಿಯೂ

ಎಡೆದೊರೆ ನಾಡೆಂದು ಹಳೆಯ ಶಾಸನಗಳಲ್ಲಿ ಹೆಸರಾದ, ಕೃಷ್ಣಾ-ತುಂಗಭದ್ರೆಗಳ ನಡುವಣ ಭೂಭಾಗದಲ್ಲಿ, ರಾಯಚೂರಿಗೆ ಪಶ್ಚಿಮದಲ್ಲಿರುವ ಕಲ್ಲೂರು ಗ್ರಾಮವು ಪುರಾತತ್ತ್ವಜ್ಞರಿಗೆ ಅಪರಿಚಿತವಾದುದಲ್ಲ. ಹಿಡಿಯು ಕೊಂಬುಗಳಂತೆ ಕವಲೊಡೆದಿರುವ ಪ್ರಾಚೀನ ತಾಮ್ರದ ಕತ್ತಿಗಳು ಇಲ್ಲಿ ದೊರೆತುವು. ಉತ್ತರದ ಗಂಗಾ-ಯಮುನಾ ಬಯಲಿನಲ್ಲಿ ಹೆಚ್ಚಾಗಿ ಕಾಣುವ ಈ ಬಗೆಯ ಕತ್ತಿಯು ದಕ್ಷಿಣದಲ್ಲಿ ಬಹು ವಿರಳವಾದಕಾರಣ ಕಲ್ಲೂರಿನ ಹೆಸರು ವಿದ್ವಾಂಸರ ಗ್ರಂಥಗಳಲ್ಲಿ ಸೇರಿಹೋಯಿತು. ಆದರೆ ಈ ಸೀಮೆಯ ಜನರು ಕತ್ತಿ ಹಿಡಿದುದಕ್ಕಿಂತ ಮೇಳಿ ಹಿಡಿದ ಕಾಲವೇ ದೀರ್ಘವಾದುದು. ಇದೇ ಜಿಲ್ಲೆಯ ಪಿಕ್ಲಿಹಾಳ, ಮಸ್ಕಿ ಮೊದಲಾದ ಕಡೆಗಳಲ್ಲಿ ನವಶಿಲಾಯುಗದ ಜನರು ದನ ಸಾಕಿ ನೆಲೆನಿಂತು ಬಾಳಿದ ಕುರುಹುಗಳು ಸಿಕ್ಕಿರುವುವು. ನಾಲ್ಕು ಸಾವಿರ ವರ್ಷಗಳಷ್ಟು ಹಳೆಯದಾದ ಈ ಬಾಳಿಗೆ ಹೋಲಿಸಿದರೆ, ಒಕ್ಕಲುತನವನ್ನು ಶಾಸ್ತ್ರವಾಗಿ ಅಭ್ಯಸಿಸಿ, ಅದನ್ನು ಪರರಿಗೆ ಕಲಿಸುವ ವಿದ್ಯೆಯಲ್ಲಿಯೇ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿಯನ್ನು ಸಂಪಾದಿಸುವುದೆಂಬ ಸಂಗತಿಯು ನಿನ್ನೆ ಮೊನ್ನೆಯದು. ಶ್ರೀಮಠದ ಭಕ್ತಮನೆತನಗಳ ಮಕ್ಕಳಲ್ಲಿ ಅನೇಕರು ಇಂದು ಈ ಮಾರ್ಗವನ್ನು ಹಿಡಿಯುತ್ತಿರುವುದರಿಂದ, ಅದು ಈ ಸೀಮೆಗೆ ಹೇಗೆ ಬಂದಿತು, ಬರುವ ಮೊದಲು ಏನಾಗಿತ್ತು ಎಂಬುದನ್ನು ತಿಳಿಯುವುದು ಉಚಿತವಾಗಿದೆ.

ಶರಣಸಂಪ್ರದಾಯದಲ್ಲಿ ಒಕ್ಕಲುತನಕ್ಕೆ ಹೀನತೆಯೆಂಬುದೇ ಇಲ್ಲ. ಒಕ್ಕಲಿಗ ಮುದ್ದಣ್ಣನು ಹೊಲದ ಕಾಯಕದಲ್ಲಿದ್ದುಕೊಂಡೇ ವಚನಕಾರರ ಸಾಲಿನಲ್ಲಿ ಸೇರಿದನು. ಲಿಂಗಸುಗೂರು ಸೀಮೆಯ ಅಮರೇಶ್ವರದವರಾದ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆಯು ಈ ಭಾಗದ ಪ್ರತಿಯೊಂದು ಮನೆಗೂ ಗೊತ್ತು. ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಪತಿಗೆ ಬುದ್ಧಿ ಹೇಳಿ ಹಿಂದಕ್ಕೆ ಕಳುಹಿಸಿದವಳು ಆ ಮಹಾತಾಯಿಯಲ್ಲವೇ? ಕಲಬುರಗಿಯ ಶರಣಬಸವೇಶ್ವರರು (1746–1822) ಹೊಲದ ಬೆಳೆಯನ್ನು ಹಕ್ಕಿಪಕ್ಷಿಗಳಿಗೂ ದಾಸೋಹಕ್ಕೂ ಮೀಸಲಿಟ್ಟರೆಂದು ಭಕ್ತರು ಹೇಳುತ್ತ ಬಂದಿದ್ದಾರೆ. ಇಂತಹ ಪರಂಪರೆಯುಳ್ಳ ನಾಡಿನಲ್ಲಿ ಕೃಷಿಜ್ಞಾನವು ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲಿಯೇ ಸಾಗಿತು. ಉತ್ತರಿ, ಹಸ್ತ ಮಳೆಗಳ ಹದ ನೋಡಿ ಹಿಂಗಾರಿ ಜೋಳವನ್ನು ಬಿತ್ತುವುದು, ಎರೆಯ ನೆಲದ ಬಿರುಕನ್ನು ನೋಡಿ ತೇವವನ್ನು ಅಳೆಯುವುದು, ಕೂರಿಗೆಯ ತಾಳುಗಳ ಅಂತರವನ್ನು ಬೆಳೆಗೆ ತಕ್ಕಂತೆ ನಿರ್ಣಯಿಸುವುದು ಇವೆಲ್ಲವೂ ಪುಸ್ತಕವಿಲ್ಲದ ಶಾಸ್ತ್ರಗಳಾಗಿದ್ದುವು. ಹಾಗೆಂದು ಪೂರ್ವಿಕರ ತಿಳಿವಳಿಕೆಯೊಂದೇ ಸಾಕಾಗಿತ್ತೆಂದು ಹೊಗಳಿಕೊಳ್ಳುವುದು ಸರಿಯಲ್ಲ. 1791–92ರ ಡೋಗಿಬರವೂ 1876–78ರ ಮಹಾಕ್ಷಾಮವೂ ದಖನ್ನಿನ ಈ ಎರೆಯ ನಾಡುಗಳಲ್ಲಿ ಮನುಷ್ಯರನ್ನೂ ದನಗಳನ್ನೂ ಮಣ್ಣುಗೂಡಿಸಿದುವು. ಮಳೆಯು ಕೈಬಿಟ್ಟಾಗ ಪೂರ್ವಿಕರ ಜ್ಞಾನವೂ ಕೈಚೆಲ್ಲಿ ಕುಳಿತಿತು.

ಆ ಮಹಾಕ್ಷಾಮದ ಅನಂತರ ಸರಕಾರಗಳು ಕೃಷಿ ಇಲಾಖೆ, ಕೃಷಿ ಶಾಲೆ ಎಂಬ ಮಾತುಗಳನ್ನು ಗಂಭೀರವಾಗಿ ಆಡತೊಡಗಿದುವು. 1905ರಲ್ಲಿ ಬಿಹಾರದ ಪೂಸಾದಲ್ಲಿ ಕೃಷಿ ಸಂಶೋಧನಾ ಸಂಸ್ಥೆಯು ಸ್ಥಾಪಿತವಾಯಿತು. 1934ರ ಭೂಕಂಪದಿಂದ ಅದರ ಕಟ್ಟಡವು ಹಾಳಾಗಲು 1936ರಲ್ಲಿ ಅದು ದೆಹಲಿಗೆ ಸ್ಥಳಾಂತರ ಹೊಂದಿತು. ಕನ್ನಡ ನಾಡು ಆಗ ಹಲವು ಆಳ್ವಿಕೆಗಳಲ್ಲಿ ಹಂಚಿಹೋಗಿದ್ದಿತಷ್ಟೆ. ಧಾರವಾಡ, ಬೆಳಗಾವಿ, ಬಿಜಾಪುರಗಳವರಿಗೆ ಪುಣೆಯ ಕೃಷಿ ಕಾಲೇಜೇ ಗತಿ. ಮೈಸೂರು ಸಂಸ್ಥಾನದಲ್ಲಿ 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಔದಾರ್ಯದಿಂದ ಹೆಬ್ಬಾಳದಲ್ಲಿ 30 ಎಕರೆ ಭೂಮಿಯು ಕೃಷಿಪ್ರಯೋಗಗಳಿಗೆ ದೊರೆಯಿತು, ಡಾ. ಲೆಹ್ಮನ್, ತರುವಾಯ ಡಾ. ಲೆಸ್ಲಿ ಕೋಲ್ಮನ್ ಇವರ ನೇತೃತ್ವದಲ್ಲಿ ಕೆಲಸವು ಬೆಳೆದು 1913ರಲ್ಲಿ ಅಲ್ಲಿ ಕೃಷಿ ಶಾಲೆಯು ಪ್ರಾರಂಭವಾಯಿತು. ನಿಜಾಮರ ಆಳ್ವಿಕೆಗೆ ಒಳಪಟ್ಟ ರಾಯಚೂರು ಸೀಮೆಯ ಬಾಲಕನ ಪಾಡಾದರೋ ಬೇರೆಯೇ ಆಗಿತ್ತು. ಮನೆಯ ಮಾತು ಕನ್ನಡ. ಸರಕಾರದ ಶಾಲೆಗಳಲ್ಲಿ ಮೇಲಿನ ತರಗತಿಗಳ ಪಾಠವೆಲ್ಲ ಉರ್ದುವಿನಲ್ಲಿ. 1918ರಲ್ಲಿ ಪ್ರಾರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾಭಾಷೆಯೂ ಉರ್ದುವೇ. ಹೈದರಾಬಾದಿನಲ್ಲಿ ಕೃಷಿ ಕಾಲೇಜು ಆರಂಭವಾದುದು 1946ರಷ್ಟು ತಡವಾಗಿ. ಎತ್ತಿನ ಕೊರಳ ಗೆಜ್ಜೆಯ ಸದ್ದಿನಲ್ಲಿ ಬೆಳೆದ ಹುಡುಗನೊಬ್ಬನು ತನ್ನ ಹೊಲದ ಮಣ್ಣಿನ ಗುಣವನ್ನು ತಿಳಿಯಬೇಕಾದರೆ, ಮೊದಲು ಪರಭಾಷೆಯೊಂದನ್ನು ಜಯಿಸಿ, ಆಮೇಲೆ ರಾಜಧಾನಿಯನ್ನು ಮುಟ್ಟಬೇಕಾಗಿತ್ತು.

ಆದರೂ ವಿಚಿತ್ರವೆಂದರೆ, ಅದೇ ಕಾಲದಲ್ಲಿ ಕೃಷಿವಿಜ್ಞಾನವು ತಾನಾಗಿಯೇ ರಾಯಚೂರಿನ ಬಾಗಿಲಿಗೆ ಬಂದು ನಿಂತಿತ್ತು. ಲಿನ್‌ಲಿತ್‌ಗೋ ಪ್ರಭುವಿನ ಅಧ್ಯಕ್ಷತೆಯಲ್ಲಿ ನೇಮಕವಾದ ಕೃಷಿ ಆಯೋಗವು 1928ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅದರ ಸಲಹೆಯಂತೆ ಮರುವರ್ಷ ಕೃಷಿ ಸಂಶೋಧನಾ ಪರಿಷತ್ತು ಸ್ಥಾಪಿತವಾಯಿತು. ಮಳೆ ಕಡಮೆಯಾದ ಸೀಮೆಗಳಲ್ಲಿ ಬೆಳೆಯನ್ನು ಉಳಿಸುವ ಬಗೆ ಹೇಗೆಂದು ಕಂಡುಹಿಡಿಯಲು ಈ ಪರಿಷತ್ತು 1933–35ರ ಅವಧಿಯಲ್ಲಿ ಇಡೀ ದೇಶದಲ್ಲಿ ಐದು ಸ್ಥಳಗಳನ್ನು ಆರಿಸಿತು: ಸೊಲ್ಲಾಪುರ, ಬಿಜಾಪುರ, ಹಗರಿ, ರೋಹತಕ, ರಾಯಚೂರು. ಐದರಲ್ಲಿ ಮೂರು ಕನ್ನಡ ಸೀಮೆಯವು ಎಂಬುದು ಗಮನಾರ್ಹವಾದುದು. ಇವುಗಳ ಪ್ರಯೋಗಗಳಿಂದ ಹೊರಬಿದ್ದ ತತ್ತ್ವಗಳು ಇಂದಿಗೂ ಸತ್ಯವಾದುವೇ: ಇಳಿಜಾರಿಗೆ ಅಡ್ಡವಾಗಿ ಬದುಗಳನ್ನು ಹಾಕಿ ನೀರನ್ನು ನಿಲ್ಲಿಸಬೇಕು, ಕೆಲವು ವರ್ಷಗಳಿಗೊಮ್ಮೆ ಆಳವಾಗಿ ಉಳಬೇಕು, ಬಿತ್ತನೆಗೆ ಮುಂಚೆ ಮತ್ತೆ ಮತ್ತೆ ಕುಂಟೆ ಹೊಡೆದು ತೇವವನ್ನು ಕಾಪಾಡಬೇಕು, ಬೀಜವನ್ನು ಕಡಮೆ ಹಾಕಿ ಸಾಲುಗಳನ್ನು ಅಗಲವಾಗಿ ಬಿಡಬೇಕು, ಕೊಟ್ಟಿಗೆ ಗೊಬ್ಬರವನ್ನು ಕೊಡಬೇಕು.

ಇಷ್ಟೆಲ್ಲ ತಿಳಿದಿದ್ದರೂ ರೈತರು ಈ ಪದ್ಧತಿಯನ್ನು ಒಟ್ಟಾರೆಯಾಗಿ ಅಂಗೀಕರಿಸಲಿಲ್ಲ. ಇಳುವರಿಯು ನೂರಕ್ಕೆ 15–20ರಷ್ಟು ಹೆಚ್ಚುವುದೆಂದು ಲೆಕ್ಕವು ಹೇಳಿತು. ಎಕರೆಗೆ ಎರಡು ಚೀಲವನ್ನೂ ಕಾಣದ ಒಣಭೂಮಿಯವನಿಗೆ ಆ ಹೆಚ್ಚಳವು ಕಣ್ಣಿಗೆ ಕಾಣುವಷ್ಟಿರಲಿಲ್ಲ. ಆಳವಾಗಿ ಉಳುವುದಕ್ಕೆ ಎರಡು ಜೊತೆ ಎತ್ತುಗಳು ಬೇಕು. ಒಂದು ಜೊತೆಯೂ ಇಲ್ಲದವನು ಏನು ಮಾಡಬೇಕು? ಬದು ಹಾಕಬೇಕಾದರೆ ಮೇಲಿನ ಹೊಲದವನೂ ಕೆಳಗಿನ ಹೊಲದವನೂ ಒಪ್ಪಬೇಕು. ಸಾಲುಗಳನ್ನು ಅಗಲವಾಗಿ ಬಿಟ್ಟರೆ ಕಣಿಕೆ ಕಡಮೆಯಾಗಿ ಬೇಸಗೆಯಲ್ಲಿ ದನಗಳಿಗೆ ಮೇವಿಲ್ಲವಾಗುವುದೆಂಬ ಭಯವೂ ಇದ್ದಿತು. ಈ ಪ್ರಶ್ನೆಗಳನ್ನು ಹೊಲದ ಬದುವಿನ ಮೇಲೆ ಕುಳಿತು ಕೇಳಿ, ಮರಳಿ ಪ್ರಯೋಗಶಾಲೆಗೆ ಒಯ್ದು ಮುಟ್ಟಿಸುವವರು ಯಾರೂ ಇರಲಿಲ್ಲ. ಇದಕ್ಕೆ ಪ್ರತಿಯಾಗಿ ಅದೇ ದಶಕದಲ್ಲಿ ಸೊಲ್ಲಾಪುರ ಸೀಮೆಯ ಮೊಹೋಳದಲ್ಲಿ ಆಯ್ದು ತೆಗೆದ ಮಾಲದಂಡಿ ಜೋಳವು ಊರಿಂದೂರಿಗೆ, ಬಂಧುವಿನಿಂದ ಬಂಧುವಿಗೆ ಹಬ್ಬಿ, ಈ ಎರೆಯ ನಾಡನ್ನೆಲ್ಲ ವ್ಯಾಪಿಸಿತು. ರೊಟ್ಟಿಗೂ ಒಳ್ಳೆಯದು, ದನಕ್ಕೂ ಒಳ್ಳೆಯದು ಎನ್ನಿಸಿಕೊಂಡ ಆ ಜೋಳವನ್ನು ಬಿಡಲು ರೈತರು ಇಂದಿಗೂ ಮನಸ್ಸು ಮಾಡಿಲ್ಲ. ಬೀಜವು ಚೀಲದಲ್ಲಿ ಕುಳಿತು ತಾನೇ ಪ್ರಯಾಣ ಮಾಡುವುದು. ಪದ್ಧತಿಯು ಹಾಗೆ ಪ್ರಯಾಣ ಮಾಡಲಾರದು, ಅದನ್ನು ಒಬ್ಬರು ಹೊತ್ತುಕೊಂಡು ಹೋಗಿ ಕಲಿಸಬೇಕು. ರಾಯಚೂರಿನ ಆ ಪ್ರಯೋಗಗಳಲ್ಲಿ ವಿಜ್ಞಾನಕ್ಕೆ ಕೊರತೆಯಿರಲಿಲ್ಲ, ಉಪಾಧ್ಯಾಯನಿಗೆ ಕೊರತೆಯಿದ್ದಿತು.

ಇಂತಹ ಉಪಾಧ್ಯಾಯನನ್ನು ಸಿದ್ಧಗೊಳಿಸುವುದಕ್ಕಾಗಿಯೇ ಒಂದು ವಿದ್ಯಾಶಾಖೆಯು ಹುಟ್ಟಿಕೊಂಡಿತು. ಅದರ ಜನ್ಮಭೂಮಿ ಅಮೇರಿಕ. ಅಲ್ಲಿ 1862ರ ಮೊರಿಲ್ ಶಾಸನದಿಂದ ಭೂದಾನ ಪಡೆದ ಕಾಲೇಜುಗಳು ಎದ್ದುವು. 1914ರ ಸ್ಮಿತ್-ಲೀವರ್ ಶಾಸನವು ಆ ಕಾಲೇಜುಗಳ ಜ್ಞಾನವನ್ನು ಹಳ್ಳಿಗಳಿಗೆ ವಿಸ್ತರಿಸುವ ಕಾರ್ಯಕ್ಕೆ ಹಣವನ್ನು ಒದಗಿಸಿತು. 1917ರ ಸ್ಮಿತ್-ಹ್ಯೂಸ್ ಶಾಸನವು ಪ್ರೌಢಶಾಲೆಗಳಲ್ಲಿ ಕೃಷಿಪಾಠವನ್ನು ಏರ್ಪಡಿಸಿತು. ಪಾಠ ಹೇಳಲು ಶಿಕ್ಷಕರು ಬೇಕಾದುದರಿಂದ ಕೃಷಿಶಿಕ್ಷಣವೆಂಬುದೇ ಪದವಿಯ ವಿಷಯವಾಯಿತು. ಈ ಶಾಸ್ತ್ರದ ಪ್ರಸಿದ್ಧ ಪರಿಶೋಧನೆಯೊಂದು 1943ರಲ್ಲಿ ಪ್ರಕಟವಾಯಿತು. ರಯನ್ ಮತ್ತು ಗ್ರಾಸ್ ಎಂಬ ಇಬ್ಬರು ಪಂಡಿತರು ಅಯೋವಾ ಪ್ರಾಂತದ ಎರಡು ಊರುಗಳಲ್ಲಿ 259 ರೈತರನ್ನು ಕಂಡು, ಸಂಕರ ಮೆಕ್ಕೆಜೋಳದ ಬೀಜವನ್ನು ಯಾರು ಯಾವಾಗ ಏಕೆ ಸ್ವೀಕರಿಸಿದರೆಂದು ವಿಚಾರಿಸಿದರು. ಇಬ್ಬರನ್ನುಳಿದು ಮಿಕ್ಕವರೆಲ್ಲರೂ ಹದಿಮೂರು ಹದಿನಾಲ್ಕು ವರ್ಷಗಳೊಳಗೆ ಅದನ್ನು ಬಿತ್ತತೊಡಗಿದ್ದರು. ಬೀಜದ ಸುದ್ದಿಯನ್ನು ಮೊದಲು ಮುಟ್ಟಿಸಿದವರು ಹೆಚ್ಚಾಗಿ ಬೀಜ ಮಾರುವವರು. ಆದರೆ ಮನಸ್ಸನ್ನು ಒಪ್ಪಿಸಿದವನು ನೆರೆಹೊಲದವನು. ಹೊಸದನ್ನು ಮನುಷ್ಯನು ಹೇಗೆ ನಂಬುತ್ತಾನೆಂಬುದೇ ಈ ವಿದ್ಯೆಯ ಮೂಲಪ್ರಶ್ನೆ. ನಮ್ಮ ದೇಶದಲ್ಲಿ ಇದಕ್ಕೆ ಕೃಷಿ ವಿಸ್ತರಣಾ ಶಿಕ್ಷಣವೆಂದು ಹೆಸರು. ನಾಲ್ಕು ವರ್ಷಗಳ ಬಿ.ಎಸ್‌ಸಿ. (ಕೃಷಿ) ಮುಗಿಸಿದವರು ಮತ್ತೆರಡು ವರ್ಷ ಓದಿ, ಪ್ರಬಂಧವೊಂದನ್ನು ಬರೆದು ಎಂ.ಎಸ್‌ಸಿ. (ಕೃಷಿ) ಪದವಿಯನ್ನು ಪಡೆಯುವರು. ಮಣ್ಣು, ಕೀಟ, ತಳಿಗಳನ್ನು ಕುರಿತ ಶಾಖೆಗಳವರು ಪೈರನ್ನು ಪರೀಕ್ಷಿಸಿದರೆ ಈ ಶಾಖೆಯವರು ಪೈರು ಬೆಳೆಯುವವನ ಮನಸ್ಸನ್ನೂ ಕಷ್ಟವನ್ನೂ ಪರೀಕ್ಷಿಸುವರು.

ಅಯೋವಾದ ನೆರೆಹೊಲದವನಂತಹವನೇ ರಾಯಚೂರು ಜಿಲ್ಲೆಯಲ್ಲಿಯೂ ಕಾಣಿಸಿಕೊಂಡನು. ಅವನು ಬಂದುದು ಕಾಲುವೆಯ ಜೊತೆಯಲ್ಲಿ. ತುಂಗಭದ್ರಾ ಅಣೆಕಟ್ಟಿನ ಶಂಕುಸ್ಥಾಪನೆಯು 1945ರಲ್ಲಿ ಹೈದರಾಬಾದು, ಮದ್ರಾಸು ಸರಕಾರಗಳೆರಡರಿಂದಲೂ ನೆರವೇರಿತು. 1953ರಿಂದ ನೀರು ಹರಿಯತೊಡಗಿದ ಮೇಲೆ ಎಡದಂಡೆಯ ಕಾಲುವೆಯು ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ಹೊಕ್ಕಿತು. ಯೋಜನೆ ಹಾಕಿದವರ ಉದ್ದೇಶವು ಬರದಿಂದ ರಕ್ಷಿಸುವುದಷ್ಟೇ. ಸ್ವಲ್ಪ ನೀರನ್ನು ಬಹಳ ಭೂಮಿಗೆ ಹಂಚಿ, ಜೋಳ, ಹತ್ತಿ, ಶೇಂಗಾ ಮೊದಲಾದುವನ್ನು ಕಾಪಾಡುವುದು ಅವರ ಲೆಕ್ಕವಾಗಿತ್ತು. ಒಣಬೇಸಾಯವನ್ನು ಮಾತ್ರ ಬಲ್ಲ ರೈತನಿಗೆ ನೀರು ಹಾಯಿಸುವ ವಿದ್ಯೆಯು ಹೊಸದು. ಅದನ್ನು ಕಲಿಸಿದವರು ಸರಕಾರದ ಅಧಿಕಾರಿಗಳಿಗಿಂತ ಹೆಚ್ಚಾಗಿ, ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದು ಭೂಮಿಯನ್ನು ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದ ಒಕ್ಕಲಿಗರು. ಗದ್ದೆ ಮಾಡುವುದು, ಅಗೆ ಹಾಕುವುದು, ನಾಟಿ, ಗೊಬ್ಬರ, ಔಷಧಿ ಇವೆಲ್ಲವೂ ಕ್ಯಾಂಪಿನ ಬೇಲಿಯಾಚೆಗೆ ನೋಡನೋಡುತ್ತಲೇ ಹರಡಿದುವು. ಕಾಲೇಜೂ ಇಲ್ಲ, ಪದವಿಯೂ ಇಲ್ಲ. ಆದರೂ ಕಾಲುವೆಯ ಮೇಲ್ಭಾಗದ ರೈತಸಮುದಾಯವು ಒಂದು ತಲೆಮಾರಿನೊಳಗೆ ಜೋಳದಿಂದ ಭತ್ತಕ್ಕೆ ತಿರುಗಿತು. ಇದು ಸಾಮಾನ್ಯವಾದ ಕಾರ್ಯವಲ್ಲ. ಅವರ ಸಾಹಸವನ್ನು ಒಪ್ಪಲೇಬೇಕು.

ಆದರೆ ನೆರೆಯವನು ತಾನು ಬಲ್ಲಷ್ಟನ್ನು ಮಾತ್ರ ಕಲಿಸಬಲ್ಲನು. ಕೃಷ್ಣಾ-ಗೋದಾವರಿಗಳ ಮುಖಜಭೂಮಿಯ ಪದ್ಧತಿಯನ್ನು ಬಸಿಯದ ಎರೆನೆಲದ ಮೇಲೆ ಹೂಡಿದುದರ ಫಲವು ಮುಂದೆ ಕಾಣಿಸಿಕೊಂಡಿತು. ಮೇಲ್ಭಾಗದವರು ಭತ್ತಕ್ಕೆ ನೀರನ್ನು ಎಳೆದುಕೊಳ್ಳಲು ಕೊನೆಯ ಭಾಗದವರ ಕಾಲುವೆಗಳು ಒಣಗಿದುವು. ನೀರು ನಿಂತ ಕಡೆಗಳಲ್ಲಿ ಜೌಗು ಉಂಟಾಗಿ ಸವಳು ಮೇಲಕ್ಕೆದ್ದು, ಬೆಳೆಯುತ್ತಿದ್ದ ಹೊಲಗಳು ಬೆಳ್ಳಗಾದುವು. ಗಂಗಾವತಿಯ ಸಂಶೋಧನಾ ಕೇಂದ್ರವು ಬಸಿಗಾಲುವೆ, ಸವಳು ಸಹಿಸುವ ತಳಿ ಮೊದಲಾದ ಉಪಾಯಗಳನ್ನು ಹುಡುಕುತ್ತ ಬಂದಿದೆ. ಆದರೆ ಬಸಿಗಾಲುವೆಯನ್ನು ಒಬ್ಬನೇ ತನ್ನ ಹೊಲದಲ್ಲಿ ತೋಡಿ ಪ್ರಯೋಜನವಿಲ್ಲ. ಇಡೀ ಹರವಿನವರು ಕೂಡಬೇಕು. 1930ರ ದಶಕದಲ್ಲಿ ಬದುಗಳ ವಿಷಯದಲ್ಲಿ ಎದ್ದ ಪ್ರಶ್ನೆಯೇ ಇಲ್ಲಿ ತಿರುಗಿ ಬಂದುದನ್ನು ವಾಚಕರು ಗಮನಿಸಬೇಕು. ದೇವದುರ್ಗ, ಲಿಂಗಸುಗೂರು ಭಾಗಗಳಿಗೆ ನಾರಾಯಣಪುರದ ಬಲದಂಡೆಯ ನೀರು ಬಂದ ಮೇಲೆ ಅಲ್ಲಿಯೂ ಇದೇ ಎಚ್ಚರಿಕೆಯು ಬೇಕಾಯಿತು.

ಈ ನಡುವೆ ವಿದ್ಯಾಸಂಸ್ಥೆಗಳು ಒಂದೊಂದೇ ಹೆಜ್ಜೆಯಾಗಿ ಹತ್ತಿರಕ್ಕೆ ಬಂದುವು. 1946ರಲ್ಲಿ ಹೆಬ್ಬಾಳದಲ್ಲಿಯೂ 1947ರಲ್ಲಿ ಧಾರವಾಡದಲ್ಲಿಯೂ ಕೃಷಿ ಕಾಲೇಜುಗಳು ತೆರೆದುವು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ಏಕೀಕೃತ ಕನ್ನಡ ರಾಜ್ಯಕ್ಕೆ ಸೇರಿದಾಗ ಈ ಎರಡೂ ಕಾಲೇಜುಗಳು ಇಲ್ಲಿಯವರಿಗೂ ಸ್ವಂತವಾದುವು. 1964ರಲ್ಲಿ ಡಾ. ಕೆ. ಸಿ. ನಾಯಕರು ಪ್ರಥಮ ಕುಲಪತಿಗಳಾಗಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಆರಂಭವಾಯಿತು. ಅಮೇರಿಕದ ಟೆನೆಸ್ಸೀ ವಿಶ್ವವಿದ್ಯಾಲಯವು ಇದಕ್ಕೆ ನೆರವು ನೀಡಿತು. ಬೋಧನೆ, ಸಂಶೋಧನೆ, ವಿಸ್ತರಣೆ ಇವು ಮೂರೂ ಒಂದೇ ಸೂರಿನ ಕೆಳಗಿರಬೇಕೆಂಬುದು ಇದರ ತತ್ತ್ವ. ಧಾರವಾಡದ ಕಾಲೇಜು ಇದರ ಅಂಗವಾಯಿತು. 1986ರಲ್ಲಿ ಧಾರವಾಡವೇ ಸ್ವತಂತ್ರ ಕೃಷಿ ವಿಶ್ವವಿದ್ಯಾಲಯದ ಸ್ಥಾನವಾಯಿತು. ಅಲ್ಲಿ ನಡೆದ ಕೆಲಸಗಳಲ್ಲಿ ಒಂದನ್ನು ಹೇಳದಿರಲಾಗದು. 1972ರಲ್ಲಿ ಡಾ. ಬಿ. ಎಚ್. ಕತರಕಿಯವರು ವರಲಕ್ಷ್ಮಿಯೆಂಬ ಸಂಕರ ಹತ್ತಿಯನ್ನು ಹೊರತಂದರು. ಅದರ ಬೀಜವನ್ನು ಸಿದ್ಧಗೊಳಿಸಲು ಪ್ರತಿಯೊಂದು ಹೂವಿನ ಕೇಸರವನ್ನೂ ಕೈಯಿಂದ ಬಿಡಿಸಿ, ಮರುದಿನ ಬೇರೆ ತಳಿಯ ಪರಾಗವನ್ನು ಮುಟ್ಟಿಸಬೇಕು. ಇಷ್ಟು ಸೂಕ್ಷ್ಮವಾದ ಕೆಲಸವನ್ನು ಹಾವೇರಿ, ರಾಣೆಬೆನ್ನೂರು ಕಡೆಯ ರೈತ ಕುಟುಂಬಗಳು, ವಿಶೇಷವಾಗಿ ಹೆಣ್ಣುಮಕ್ಕಳು, ಕಲಿತು ಅದನ್ನೇ ಜೀವನೋಪಾಯ ಮಾಡಿಕೊಂಡರು. ಕಲಿಸುವವರು ಹೊಲಕ್ಕೆ ಬಂದಲ್ಲಿ ಅಕ್ಷರ ಬಾರದ ಕೈಗಳೂ ಪ್ರಯೋಗಶಾಲೆಯ ಕೆಲಸವನ್ನು ಮಾಡಬಲ್ಲುವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ರಾಯಚೂರಿನಲ್ಲಿ ಕೃಷಿ ಕಾಲೇಜು ಆರಂಭವಾದುದು 1996ರ ಸುಮಾರಿಗೆ. 2008ರಲ್ಲಿ ಧಾರವಾಡದಿಂದ ಬೇರ್ಪಡಿಸಿ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ಸ್ಥಾಪಿಸಲಾಯಿತು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಗಳು ಅದರ ಕಾರ್ಯಕ್ಷೇತ್ರ. ಅದರ ಆವರಣವು ಲಿಂಗಸುಗೂರು ರಸ್ತೆಯಲ್ಲಿರುವುದು. ಕೃಷಿ ವಿಸ್ತರಣಾ ಶಿಕ್ಷಣದಲ್ಲಿ ಎಂ.ಎಸ್‌ಸಿ. ಪದವಿಯೂ ಇಲ್ಲಿಯೇ ದೊರೆಯುವುದು. ಹೈದರಾಬಾದಿನ ಉರ್ದು, ಪುಣೆಯ ಮರಾಠಿ, ಬೆಂಗಳೂರಿನ ದೂರ ಇವುಗಳೆಲ್ಲವನ್ನೂ ದಾಟಿ, ಮುಂಜಾನೆ ಕಲ್ಲೂರಿನಲ್ಲಿ ಎಮ್ಮೆಯ ಹಾಲು ಕರೆದವಳು ಪಾಠದ ವೇಳೆಗೆ ತರಗತಿಯಲ್ಲಿ ಕುಳಿತುಕೊಳ್ಳಬಹುದಾದಷ್ಟು ಸಮೀಪಕ್ಕೆ ಆ ಪದವಿಯು ಬಂದುಬಿಟ್ಟಿತು.

ಈ ಬೆಳವಣಿಗೆಯಲ್ಲಿ ಮಠಗಳ ಪಾತ್ರವೂ ಸ್ವಲ್ಪದ್ದಲ್ಲ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳವರು ನಡೆಸಿದ ಪ್ರಸಾದನಿಲಯವೂ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರ (1907–2019) ದಾಸೋಹವೂ ಅನ್ನವನ್ನಿಕ್ಕಿ ಓದಿಸಿದ ಹಳ್ಳಿಯ ಮಕ್ಕಳಿಗೆ ಲೆಕ್ಕವಿಲ್ಲ. ಅನ್ನದಾಸೋಹದಿಂದ ಕೃಷಿಜ್ಞಾನದ ದಾಸೋಹಕ್ಕೆ ಕೆಲವು ಮಠಗಳು ಮುಂದುವರಿದುವು. 1974ರಲ್ಲಿ ಪುದುಚೇರಿಯಲ್ಲಿ ದೇಶದ ಮೊದಲನೆಯ ಕೃಷಿ ವಿಜ್ಞಾನ ಕೇಂದ್ರವು ಸ್ಥಾಪಿತವಾದ ಮೇಲೆ ಜಿಲ್ಲೆಗೊಂದರಂತೆ ಇಂತಹ ಕೇಂದ್ರಗಳು ಹಬ್ಬಿದುವು. ಹೊಸ ಪದ್ಧತಿಯನ್ನು ರೈತನ ಹೊಲದಲ್ಲಿಯೇ ಮಾಡಿ ತೋರಿಸುವುದು ಅವುಗಳ ಕೆಲಸ. ಸುತ್ತೂರು ಶ್ರೀಕ್ಷೇತ್ರದ ಜೆ.ಎಸ್.ಎಸ್. ಸಂಸ್ಥೆಯು ಸುತ್ತೂರಿನಲ್ಲಿಯೂ, ಸಿರಿಗೆರೆಯ ತರಳಬಾಳು ಬೃಹನ್ಮಠದ ಆಶ್ರಯದ ಸಂಸ್ಥೆಯು ದಾವಣಗೆರೆಯಲ್ಲಿಯೂ ಇಂತಹ ಕೇಂದ್ರಗಳನ್ನು ನಡೆಸುತ್ತಿರುವುವು. ಒಂದೊಂದು ಕೇಂದ್ರದಲ್ಲಿಯೂ ಮುಖ್ಯಸ್ಥರ ಕೆಳಗೆ ಆರು ಮಂದಿ ವಿಷಯತಜ್ಞರಿರಬೇಕೆಂಬುದು ಏರ್ಪಾಡು. ಆ ಸ್ಥಾನಕ್ಕೆ ಸ್ನಾತಕೋತ್ತರ ಪದವಿಯಿಲ್ಲದವರು ಅರ್ಹರಲ್ಲ. ಹೀಗೆ ನೋಡಿದರೆ ಈ ಪದವಿಯು ಮಠದ ಕಾಯಕ-ದಾಸೋಹಗಳಿಗೆ ಹೊರಗಿನದೇನೂ ಅಲ್ಲ.

ಇನ್ನು ಇಂದಿನ ಸ್ಥಿತಿಯಲ್ಲಿ ಶಂಕೆಗೆ ಎಡೆಯಿರುವುದು ಒಂದೆಡೆ. ಒಕ್ಕಲಿಗನು ಮಗನನ್ನಾಗಲಿ ಮಗಳನ್ನಾಗಲಿ ಕೃಷಿ ಓದಿಗೆ ಕಳುಹಿಸುವಾಗ, ಮಕ್ಕಳು ಹೊಲದಿಂದ ಪಾರಾಗಿ ನೌಕರಿ ಹಿಡಿಯಲೆಂಬ ಹಂಬಲವೇ ಬಹುಮಟ್ಟಿಗೆ ಇರುವುದು. ಸಾಲ, ಮಳೆ, ಧಾರಣೆ ಮೂರರ ಪೆಟ್ಟನ್ನೂ ತಿಂದವನು ಹಾಗೆ ಬಯಸಿದರೆ ಅವನನ್ನು ದೂಷಿಸುವುದು ಅನ್ಯಾಯ. ಪದವೀಧರರಲ್ಲಿ ಕೆಲವರು ಕೃಷಿ ಇಲಾಖೆಯನ್ನು, ಕೆಲವರು ಬ್ಯಾಂಕನ್ನು, ಕೆಲವರು ಬೀಜ-ಗೊಬ್ಬರಗಳ ಕಂಪನಿಯನ್ನು ಸೇರುವರು; ವಿಸ್ತರಣಾ ಶಿಕ್ಷಣವನ್ನು ಓದಿ ಅದಕ್ಕೆ ಸಂಬಂಧವಿಲ್ಲದ ಸ್ಪರ್ಧಾಪರೀಕ್ಷೆಗಳಿಗೆ ಕುಳಿತುಕೊಳ್ಳುವವರೂ ಉಂಟು. ಇದರಲ್ಲಿ ಅಧರ್ಮವೇನೂ ಇಲ್ಲ. ಆದರೆ ಔಷಧಿ ಅಂಗಡಿಯವನೇ ಹಳ್ಳಿಯ ಕೃಷಿಪಂಡಿತನಾಗಿ ಉಳಿದರೆ, ತನ್ನ ಕಪಾಟಿನಲ್ಲಿರುವ ಸೀಸೆಗಳಲ್ಲಿ ಒಂದನ್ನೇ ಅವನು ಪ್ರತಿಯೊಂದು ರೋಗಕ್ಕೂ ತೆಗೆದು ಕೊಡುವನಲ್ಲದೆ ಬೇರೇನು ಮಾಡಿಯಾನು?

ಪ್ರಬಂಧಗಳ ವಿಷಯವು ಇದಕ್ಕಿಂತ ಹತ್ತಿರದ್ದು. ಈ ಶಾಖೆಯ ವಿದ್ಯಾರ್ಥಿಯು ತಾಲೂಕುಗಳನ್ನೂ ಹಳ್ಳಿಗಳನ್ನೂ ಆರಿಸಿ, ಪ್ರಶ್ನಾವಳಿಯನ್ನು ಹಿಡಿದು ಮನೆಮನೆಗೆ ಹೋಗುವನು. ಎಷ್ಟು ಎಕರೆ, ಯಾವ ಬೀಜ, ಯಾರ ಮಾತು ಕೇಳಿ ಬಿತ್ತಿದಿರಿ, ಏಕೆ ಬಿಟ್ಟಿರಿ ಎಂದು ಕನ್ನಡದಲ್ಲಿ ಕೇಳುವನು. ರೈತನು ಕೆಲಸ ಬಿಟ್ಟು ಕಟ್ಟೆಯ ಮೇಲೆ ಕುಳಿತು, ಚಹಾ ಕೊಟ್ಟು, ಮನೆಯ ಗುಟ್ಟನ್ನೂ ಹೇಳುವನು. ಆ ಉತ್ತರಗಳೆಲ್ಲವೂ ಅಂಕಿಗಳಾಗಿ, ಕೋಷ್ಟಕಗಳಾಗಿ, ಇಂಗ್ಲಿಷಿನಲ್ಲಿ ಬರೆದ ಪ್ರಬಂಧವಾಗಿ, ಬಟ್ಟೆಯ ರಟ್ಟು ಕಟ್ಟಿಸಿಕೊಂಡು ಗ್ರಂಥಾಲಯದ ಕಪಾಟನ್ನು ಸೇರುವುವು. ಒಂದು ಕಾಲದಲ್ಲಿ ಉರ್ದುವು ಮಾಡಿದ ಕೆಲಸವನ್ನು ಈಗ ಇಂಗ್ಲಿಷು ಮಾಡುತ್ತಿದೆ. ಉತ್ತರ ಕೊಟ್ಟವನಿಗೆ ತನ್ನ ಊರಿನ ಸವಳಿನ ಬಗೆಗೂ ತೊಗರಿಯ ರೋಗದ ಬಗೆಗೂ ಏನು ತಿಳಿದುಬಂದಿತೆಂಬುದು ತಿಳಿಯುವುದೇ ಇಲ್ಲ.

ಶ್ರೀಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಬರುವವರಲ್ಲಿ ಬಹುಪಾಲು ಜನರು ಒಕ್ಕಲಿಗರೇ. ಪ್ರವಚನದ ಮೊದಲು ಅರ್ಧ ತಾಸಿನ ಹೊತ್ತು, ಆ ವರ್ಷ ಪದವಿ ಪಡೆದ ಭಕ್ತಮನೆತನದ ವಿದ್ಯಾರ್ಥಿಯೊಬ್ಬನು ಅಥವಾ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧದ ಸಾರವನ್ನು, ಉತ್ತರ ಕೊಟ್ಟ ಊರುಗಳವರ ಎದುರಿನಲ್ಲಿಯೇ ನಿಂತು ಕನ್ನಡದಲ್ಲಿ ಹೇಳಲಿ. ಕೇಳಿದವರು ಎದ್ದು ಪ್ರಶ್ನೆ ಮಾಡಲಿ. ಇದಕ್ಕೆ ಹೊಸ ಕಟ್ಟಡವಾಗಲಿ ಸರಕಾರದ ಮಂಜೂರಾತಿಯಾಗಲಿ ಬೇಕಾಗಿಲ್ಲ. ಜಾತ್ರೆಯ ಕಾರ್ಯಕ್ರಮ ಪತ್ರಿಕೆಯಲ್ಲಿ ಒಂದು ಸಾಲಿನ ಸ್ಥಳ ಸಾಕು. ಹಿಂಗಾರಿ ಬಿತ್ತನೆಗೆ ಮುಂಚೆ ಶ್ರಾವಣದ ಪುರಾಣ ಕಾಲದಲ್ಲಿ ಅದನ್ನೇ ಊರೂರ ಗುಡಿಗಳಲ್ಲಿ ಮತ್ತೊಮ್ಮೆ ನಡೆಸಬಹುದು.